ಫಣಿಯಮ್ಮನನ್ನು ಮೆಚ್ಚಿದವರಿಗೆ ಒಂದು ಬಹಿರಂಗ ಪತ್ರ

ಘೋಡಬಂದರ್ ರಸ್ತೆ, ಠಾಣೆ

ನಮ್ಮ ರಸ್ತೆಯ ಕನ್ನಡ ಸಂಘಗಳ ಮಹಿಳಾ ವಿಭಾಗದ ಅಕ್ಕಂದಿರಿಗೆ, ಗೆಳತಿಯರಿಗೆ,

ಎಂ.ಕೆ. ಇಂದಿರಾ ಅವರ ‘ಫಣಿಯಮ್ಮ’ ಪ್ರಕಟವಾದದ್ದು 1976ರಲ್ಲಿ. ಕಾದಂಬರಿಗೆ ಐವತ್ತು ತುಂಬಿತೆಂದು ನಾವೆಲ್ಲ ಅದನ್ನು ಮತ್ತೊಮ್ಮೆ ಓದಿ, ಕ್ಲಬ್‌ಹೌಸಿನಲ್ಲಿ ಸೇರಿ ಮಾತಾಡಿದೆವು. ಮಾಜಿವಾಡೆಯಿಂದ, ಮಾನಪಾಡೆಯಿಂದ, ಕಾಸರವಡವಲಿಯಿಂದ, ಮೆಟ್ರೊ ಕಂಬಗಳ ಪಕ್ಕದ ಆ ಟ್ರಾಫಿಕ್ಕಿನಲ್ಲಿ ತೆವಳಿಕೊಂಡು ಅಷ್ಟು ಜನ ಒಂದು ಕನ್ನಡ ಕಾದಂಬರಿಗಾಗಿ ಬಂದದ್ದು ನನಗೆ ಹಬ್ಬದಷ್ಟೇ ಸಂತೋಷ ಕೊಟ್ಟಿತು. ಚೆನ್ನಾಗಿ ಮಾತಾಡಿದಿರಿ. ಕೆಲವರು ಅತ್ತಿರಿ. ಫಣಿಯಮ್ಮನನ್ನು ತಪಸ್ವಿನಿ ಎಂದಿರಿ, ತ್ಯಾಗಮಯಿ ಎಂದಿರಿ, ಇಂಥವರು ಇನ್ನು ಹುಟ್ಟುವುದಿಲ್ಲ ಎಂದಿರಿ.

ಅದಾದ ಕೆಲವೇ ದಿನಗಳಲ್ಲಿ ಸಂಕ್ರಾಂತಿಯ ಅರಿಶಿನ ಕುಂಕುಮದ ಕರೆ ಬಂತು. ಸುಮಂಗಲಿಯರೆಲ್ಲರೂ ಬಂದು ತಾಂಬೂಲ ಸ್ವೀಕರಿಸಬೇಕು ಎಂದು ಅದರಲ್ಲಿತ್ತು.

ಆ ದಿನದ ಚರ್ಚೆಯಲ್ಲಿ ಎಲ್ಲರಿಗಿಂತ ತಿಳಿದು, ತೂಕವಾಗಿ ಮಾತಾಡಿದ ನಮ್ಮ ಗೆಳತಿ ನಿಮಗೆ ನೆನಪಿರಬೇಕು. 2021ರ ಕೋವಿಡ್ ಅಲೆಯಲ್ಲಿ ಅವರ ಗಂಡ ಹೋದರು. ಅವರ ಒಪ್ಪಿಗೆ ಪಡೆದೇ ಇದನ್ನು ಬರೆಯುತ್ತಿದ್ದೇನೆ, ಹೆಸರು ಮಾತ್ರ ಬೇಡ ಎಂದಿದ್ದಾರೆ. ಸಂಕ್ರಾಂತಿಯ ಹಿಂದಿನ ದಿನ ನಮ್ಮವರೇ ಅವರಿಗೆ ಫೋನ್ ಮಾಡಿ ಕೊಬ್ಬರಿ ಹೆಚ್ಚಿಕೊಡುತ್ತೀರಾ, ಬೆಲ್ಲ ಕತ್ತರಿಸಿಕೊಡುತ್ತೀರಾ ಎಂದು ಕೇಳಿದರು. ಅವರು ಇಲ್ಲ ಎನ್ನಲಿಲ್ಲ. ಎಳ್ಳು ಬೆಲ್ಲದ ಪೊಟ್ಟಣಗಳನ್ನು ಕಟ್ಟಿ, ಡಬ್ಬಿಯಲ್ಲಿ ತುಂಬಿ, ವಾಚ್‌ಮನ್ ಕೈಯಲ್ಲಿ ಕಳಿಸಿಕೊಟ್ಟರು. ಕಾರ್ಯಕ್ರಮಕ್ಕೆ ಬರಲಿಲ್ಲ. ಯಾಕೆ ಬರಲಿಲ್ಲ ಎಂದು ಯಾರೂ ಕೇಳಲೂ ಇಲ್ಲ, ಯಾಕೆಂದರೆ ಎಲ್ಲರಿಗೂ ಗೊತ್ತಿತ್ತು.

ಫಣಿಯಮ್ಮನ ಇಡೀ ಬದುಕು ಇದೇ ಅಲ್ಲವೇ? ಆಟವಾಡುವ ವಯಸ್ಸಿನಲ್ಲಿ ಮದುವೆ, ಗಂಡನ ಮುಖ ಸರಿಯಾಗಿ ನೋಡುವ ಮೊದಲೇ ವೈಧವ್ಯ. ಮೈನೆರೆದ ಮೇಲೆ ತಲೆ ಬೋಳಿಸಿ, ಕೆಂಪು ಸೀರೆ ಉಡಿಸಿ, ಮಡಿಯ ಒಳಕ್ಕೆ ತಳ್ಳಿದರು. ಶುಭಕಾರ್ಯದಲ್ಲಿ ಎದುರಿಗೆ ಬರಬಾರದು. ಆದರೆ ಆ ಶುಭಕಾರ್ಯದ ಅಡುಗೆಗೆ, ಹಪ್ಪಳ ಸಂಡಿಗೆಗೆ, ಬಾಣಂತನಕ್ಕೆ ಅವಳಿಲ್ಲದೆ ಆಗುವುದಿಲ್ಲ. ಮನೆಯಿಂದ ಮನೆಗೆ ಅವಳನ್ನು ಕರೆದೊಯ್ಯುತ್ತಾರೆ. ಅವಳ ಕೈ ಬೇಕು, ಮುಖ ಬೇಡ. ಅದನ್ನು ಓದಿ ಕಣ್ಣೊರೆಸಿಕೊಂಡ ನಾವು ಮರುವಾರವೇ ಒಬ್ಬ ಹೆಣ್ಣಿನ ಕೈ ಪಡೆದುಕೊಂಡು ಮುಖ ಬೇಡವೆಂದೆವು. ನನಗೆ ಇದು ಸಹಿಸಲಾಗುತ್ತಿಲ್ಲ. ಒಬ್ಬೊಬ್ಬರ ಹತ್ತಿರ ಗುಟ್ಟಾಗಿ ಆಡಿಕೊಳ್ಳುವ ಬದಲು ಎಲ್ಲರೆದುರು ಹೇಳುವುದೇ ಸರಿ ಎನಿಸಿ ಈ ಪತ್ರ ಬರೆಯುತ್ತಿದ್ದೇನೆ.

ಮೊದಲು ಕಾದಂಬರಿಯ ವಿಷಯ. ತೀರ್ಥಹಳ್ಳಿಯ ಕಡೆಯ ಮಲೆನಾಡಿನಲ್ಲಿ ನಿಜಕ್ಕೂ ಬದುಕಿದ್ದ, ನೂರು ದಾಟಿ ಬಾಳಿದ ಹೆಂಗಸಿನ ಕಥೆ ಅದು. ಆಕೆ ತನ್ನ ಬದುಕನ್ನು ಹೇಳಿಕೊಂಡದ್ದು ಇಂದಿರಾ ಅವರ ತಾಯಿಯ ಬಳಿ. ತಾಯಿಯಿಂದ ಮಗಳಿಗೆ ಬಂದ ಆ ಕಥೆ ಎಷ್ಟೋ ವರ್ಷಗಳ ಮೇಲೆ ಪುಸ್ತಕವಾಯಿತು. ಯಾವ ದಫ್ತರದಲ್ಲೂ ದಾಖಲಾಗದ ಬದುಕು ಹೆಂಗಸರು ಹೆಂಗಸರೊಡನೆ ಮಾತಾಡಿದ್ದರಿಂದ ಉಳಿದುಕೊಂಡಿತು. ಈ ಕಾದಂಬರಿಯಲ್ಲಿ ಗೆಳೆತನ ಎಲ್ಲಿದೆ ಎಂದು ಅವತ್ತು ಒಬ್ಬರು ಕೇಳಿದಿರಿ. ನನಗೆ ಕಾಣುವ ಮೊದಲ ಗೆಳೆತನ ಇದೇ: ತಲೆ ಬೋಳಿಸಿದ ಒಬ್ಬ ಮುದುಕಿಯ ಮುಂದೆ ಕುಳಿತು, ಅವಳ ಮಾತನ್ನು ಪೂರ್ತಿ ಕೇಳಿಸಿಕೊಂಡು, ಮಗಳಿಗೂ ದಾಟಿಸಿದ ಆ ತಾಯಿಯದು.

ಎರಡನೆಯದು ಪುಸ್ತಕದ ಒಳಗೇ ಇದೆ. ಹೊಲಗೇರಿಯಲ್ಲಿ ಹೆರಿಗೆಯಾಗದೆ ಒದ್ದಾಡುತ್ತಿದ್ದ ಹೆಣ್ಣಿನ ಬಳಿಗೆ ಫಣಿಯಮ್ಮ ಹೋಗುತ್ತಾಳೆ. ಮಡಿಯ ಹೆಂಗಸು, ಮುಟ್ಟಬಾರದವರನ್ನು ಮುಟ್ಟಿ, ಮಗುವನ್ನು ಹೊರಗೆ ತರುತ್ತಾಳೆ. ಮೂರನೆಯದು ದಾಕ್ಷಾಯಿಣಿಯ ಪ್ರಸಂಗ. ಚಿಕ್ಕ ವಯಸ್ಸಿನ ಈ ವಿಧವೆ ತಲೆ ಬೋಳಿಸಿಕೊಳ್ಳಲು ಒಪ್ಪುವುದಿಲ್ಲ. ಮನೆಯವರು ಹಾರಾಡುತ್ತಾರೆ. ಇಡೀ ಬದುಕನ್ನು ಮಡಿಯಲ್ಲೇ ಸವೆಸಿದ ಫಣಿಯಮ್ಮ ಮಡಿಯ ಪರ ನಿಲ್ಲುವುದಿಲ್ಲ. ತನಗಾದದ್ದು ಈ ಹುಡುಗಿಗೆ ಆಗಬಾರದು ಎನ್ನುತ್ತಾಳೆ. ಮುಂದೆ ದಾಕ್ಷಾಯಿಣಿಯ ಬದುಕು ಊರಿನವರ ನಾಲಿಗೆಗೆ ಸಿಕ್ಕಾಗಲೂ ಅವಳನ್ನು ಹೀಗಳೆಯುವುದಿಲ್ಲ.

ನಮ್ಮ ಚರ್ಚೆಯಲ್ಲಿ ದಾಕ್ಷಾಯಿಣಿಯ ಹೆಸರು ಬರಲೇ ಇಲ್ಲ. ನಾನು ಕಾಯುತ್ತಿದ್ದೆ. ಫಣಿಯಮ್ಮನ ತಾಳ್ಮೆ, ಒಪ್ಪೊತ್ತಿನ ಊಟ, ಯಾರಿಗೂ ಕೇಡು ಬಯಸದ ಮನಸ್ಸು, ಇವಿಷ್ಟೇ ಮತ್ತೆ ಮತ್ತೆ ಬಂದವು. ಯಾಕೆಂದು ಆಮೇಲೆ ಯೋಚಿಸಿದೆ. ಫಣಿಯಮ್ಮ ನಮ್ಮಿಂದ ಏನನ್ನೂ ಕೇಳುವುದಿಲ್ಲ. ಅವಳಿಗೆ ಹೂವು ಬೇಡ, ಸೀರೆ ಬೇಡ, ಗಂಡಸಿನ ಸಂಗ ಬೇಡ, ನ್ಯಾಯವೂ ಬೇಡ. ಏನೂ ಬೇಡದವರನ್ನು ಪೂಜಿಸುವುದು ಬಹಳ ಸುಲಭ. ದಾಕ್ಷಾಯಿಣಿಗೆ ಬದುಕು ಬೇಕು. ತನ್ನ ತಲೆಗೂದಲು ಬೇಕು, ಆಸೆಯೂ ಇದೆ. ನಮ್ಮ ಸಂಘದ ಬಾಗಿಲಿಗೆ ದಾಕ್ಷಾಯಿಣಿ ಬಂದರೆ ನಾವು ಏನು ಮಾಡುತ್ತೇವೆ? ಕಾದಂಬರಿ ನಮಗೆ ಇಟ್ಟ ಪರೀಕ್ಷೆ ಅದು, ಮತ್ತು ಫಣಿಯಮ್ಮ ಆ ಪರೀಕ್ಷೆಯಲ್ಲಿ ಗೆದ್ದವಳು. ಅವಳ ಸಂತತನವನ್ನೇ ಹೊಗಳುತ್ತ ಈ ಗೆಲುವನ್ನು ಬಿಟ್ಟುಬಿಟ್ಟರೆ ಅವಳಿಗೆ ಮಾಡುವ ದೊಡ್ಡ ಅನ್ಯಾಯ.

ಕನ್ನಡದ ಕಾದಂಬರಿ ವಿಧವೆಯೊಡನೆ ಹುಟ್ಟಿತು ಎಂದರೂ ತಪ್ಪಾಗದು. ಗುಲ್ವಾಡಿ ವೆಂಕಟರಾಯರ ‘ಇಂದಿರಾಬಾಯಿ’ 1899ರದು. ಕನ್ನಡದ ಮೊದಲ ಸಾಮಾಜಿಕ ಕಾದಂಬರಿ ಎಂದು ಹೆಸರಾದದ್ದು. ಅದರ ನಾಯಕಿ ಬಾಲವಿಧವೆ, ಓದು ಕಲಿತು ಮರುಮದುವೆಯಾಗುತ್ತಾಳೆ. ಮಂಗಳೂರಿನ ಸಾರಸ್ವತರ ನಡುವಿನ ಆ ಕಥೆ ನೂರಿಪ್ಪತ್ತೈದು ವರ್ಷಕ್ಕೂ ಹಿಂದೆ ಇಷ್ಟು ಧೈರ್ಯ ತೋರಿತ್ತು. ಮುಂದೆ ನಮ್ಮ ಲೇಖಕರ ಕೈ ಬಿಗಿಯಾಯಿತು. 1965ರ ‘ವಂಶವೃಕ್ಷ’ದಲ್ಲಿ ಭೈರಪ್ಪನವರು ಕಾತ್ಯಾಯನಿಗೆ ಮರುಮದುವೆ ಮಾಡಿಸುತ್ತಾರೆ, ಆದರೆ ಅವಳು ಪದೇ ಪದೇ ಗರ್ಭಪಾತವಾಗಿ ಸೊರಗಿ ಸಾಯುತ್ತಾಳೆ. ಅನಂತಮೂರ್ತಿಯವರ ‘ಘಟಶ್ರಾದ್ಧ’ದಲ್ಲಿ ಬಸಿರಾದ ವಿಧವೆ ಯಮುನಕ್ಕನಿಗೆ ಬದುಕಿರುವಾಗಲೇ ಶ್ರಾದ್ಧ. ಗಿರೀಶ ಕಾಸರವಳ್ಳಿಯವರು 1977ರಲ್ಲಿ ಅದನ್ನು ಚಿತ್ರ ಮಾಡಿ ಸ್ವರ್ಣಕಮಲ ಪಡೆದರು. 2024ರಲ್ಲಿ ಅದರ ಪುನಶ್ಚೇತನಗೊಂಡ ಪ್ರತಿ ವೆನಿಸ್ ಚಿತ್ರೋತ್ಸವದಲ್ಲೂ ತೆರೆ ಕಂಡಿತು. ತಲೆ ಬೋಳಿಸಿ ಒಂಟಿಯಾಗಿ ಕುಳಿತ ಯಮುನಕ್ಕನನ್ನು, ಅವಳನ್ನು ಬಿಡಲಾರದೆ ಬಿಡುವ ಹುಡುಗ ನಾಣಿಯನ್ನು ನೋಡಿದವರು ಯಾರೂ ಮರೆಯಲಾರರು.

ಈ ಸಾಲಿನಲ್ಲಿ ಇಂದಿರಾ ಅವರ ಕೆಲಸ ಬೇರೆಯೇ ಎನಿಸುತ್ತದೆ. ಉಳಿದ ಕಡೆ ವಿಧವೆಯನ್ನು ಮದುವೆ ಮಾಡಿಸಬೇಕು, ಸಾಯಿಸಬೇಕು, ಇಲ್ಲವೇ ಊರ ಹೊರಗೆ ಹಾಕಬೇಕು. ಇಂದಿರಾ ತಮ್ಮ ಫಣಿಯಮ್ಮನನ್ನು ಬದುಕಿಸಿದರು, ಮುಪ್ಪಾಗಲು ಬಿಟ್ಟರು. ವರ್ಷ ವರ್ಷವೂ ಲೋಕವನ್ನು ನೋಡುತ್ತ, ತನ್ನ ತೀರ್ಮಾನಗಳನ್ನು ತಾನೇ ತಿದ್ದಿಕೊಳ್ಳುತ್ತ ಹೋಗಲು ಸಮಯ ಕೊಟ್ಟರು. ದಾಕ್ಷಾಯಿಣಿಯ ಪರ ನಿಂತ ಫಣಿಯಮ್ಮ ಒಂದೇ ದಿನದಲ್ಲಿ ಆದವಳಲ್ಲ. ‘ಗೆಜ್ಜೆಪೂಜೆ’ ಬರೆದ ಕೈಯೇ ಇದನ್ನೂ ಬರೆದದ್ದು. ಕುಲೀನರು ಹೊರಗಿಟ್ಟ ಹೆಣ್ಣನ್ನು ಒಳಗಿನಿಂದ ನೋಡುವುದು ಇಂದಿರಾ ಅವರಿಗೆ ಹೊಸದಾಗಿರಲಿಲ್ಲ.

ಪ್ರೇಮಾ ಕಾರಂತರು ತಮ್ಮ ಮೊದಲ ಚಿತ್ರಕ್ಕೆ ಈ ಕಥೆಯನ್ನೇ ಆರಿಸಿಕೊಂಡರು. ಫಣಿಯಮ್ಮನಾಗಿ ನಟಿಸಿದ ಎಲ್.ವಿ. ಶಾರದಾ ಅದಕ್ಕೂ ಮೊದಲು, 1971ರ ‘ವಂಶವೃಕ್ಷ’ ಚಿತ್ರದಲ್ಲಿ, ಕಾತ್ಯಾಯನಿಯಾಗಿದ್ದವರು. ಮರುಮದುವೆಗಾಗಿ ದಂಡ ತೆತ್ತವಳು, ಮದುವೆಯನ್ನೇ ಅರಿಯದೆ ಮುಪ್ಪಾದವಳು, ಎರಡೂ ಒಂದೇ ಮುಖ. ಮುಂದಿನ ಸಲ ಎರಡೂ ಚಿತ್ರಗಳನ್ನು ಒಟ್ಟಿಗೆ ಹಾಕೋಣ. ಇನ್ನೊಂದು ಸಂಗತಿ ನಮ್ಮ ಮುಂಬಯಿಗೇ ಸೇರಿದ್ದು. ‘ಫಣಿಯಮ್ಮ’ನನ್ನು 1989ರಲ್ಲಿ ಇಂಗ್ಲಿಷಿಗೆ ತಂದ ತೇಜಸ್ವಿನಿ ನಿರಂಜನ ಅವರೇ ಜಯಂತ ಕಾಯ್ಕಿಣಿಯವರ ಮುಂಬಯಿ ಕಥೆಗಳನ್ನೂ ಅನುವಾದಿಸಿದರು, ಆ ಪುಸ್ತಕಕ್ಕೆ 2018ರ ಡಿಎಸ್‌ಸಿ ಪ್ರಶಸ್ತಿ ಬಂತು. ತೀರ್ಥಹಳ್ಳಿಯ ಮಡಿ ಮುದುಕಿಯೂ ಚಾಳುಗಳ ಒಂಟಿ ಜೀವಗಳೂ ಒಂದೇ ಕೈಯಿಂದ ಜಗತ್ತಿಗೆ ಹೋದರು.

ಇದೆಲ್ಲ ಮಲೆನಾಡಿನ ಬ್ರಾಹ್ಮಣ ಮನೆಗಳ ಹಳೆಯ ಕಥೆ, ನಮಗೂ ಇದಕ್ಕೂ ಏನು ಸಂಬಂಧ ಎಂದು ನಿಮ್ಮಲ್ಲಿ ಒಬ್ಬರು ಕೇಳಿದ್ದು ನೆನಪಿದೆ. ಒಳ್ಳೆಯ ಪ್ರಶ್ನೆ. ನಮ್ಮ ಸಂಘಗಳಲ್ಲಿ ಹೆಚ್ಚಿನವರು ದಕ್ಷಿಣ ಕನ್ನಡ, ಉಡುಪಿಯ ಕಡೆಯವರು, ಅಳಿಯಸಂತಾನದ ಮನೆತನಗಳವರು. ನಿಮ್ಮ ಅಜ್ಜಿಯರ ತಲೆಯನ್ನು ಯಾರೂ ಬೋಳಿಸಲಿಲ್ಲ. ಗಂಡ ಸತ್ತರೆ ತಾಯಿಯ ಮನೆಯಲ್ಲಿ ಅವರ ಹಕ್ಕು ಹಾಗೆಯೇ ಇತ್ತು, ಇನ್ನೊಂದು ಮದುವೆಗೂ ರೂಢಿಯಲ್ಲೇ ದಾರಿಯಿತ್ತು. ಹಾಗಾದರೆ ಈ ಸುಮಂಗಲಿ ಎಂಬ ಗೆರೆ ಘೋಡಬಂದರ್ ರಸ್ತೆಯ ಫ್ಲ್ಯಾಟಿಗೆ ಎಲ್ಲಿಂದ ಬಂತು? ಮೇಲಿನವರೆನಿಸಿಕೊಂಡವರ ಆಚಾರವನ್ನು ನೋಡಿ ಕಲಿತೆವು. ಇಲ್ಲಿಯ ಹಳದಿ ಕುಂಕುವಿನ ಸಡಗರ ಚೆಂದ ಕಂಡಿತು, ತಿಳಗುಳ, ವಾಣ, ಸ್ಟೀಲ್ ಡಬ್ಬಿಯ ಉಡುಗೊರೆ ಎಲ್ಲವನ್ನೂ ತಂದುಕೊಂಡೆವು, ಜತೆಗೆ ಗೆರೆಯನ್ನೂ ತಂದುಕೊಂಡೆವು. ಅಜ್ಜಿಗಿಲ್ಲದ ಕಟ್ಟು ಮೊಮ್ಮಗಳಿಗೆ ಬಂದದ್ದು ಪ್ರಗತಿಯೇ?

ಊರಿನ ಕಡೆ ನೋಡಿದರೆ ಬೇರೆ ದಾರಿ ಕಾಣುತ್ತದೆ. ನಿಮ್ಮಲ್ಲಿ ಎಷ್ಟೋ ಜನ ದಸರಾಕ್ಕೆ ಹೋಗುವ ಮಂಗಳೂರಿನ ಕುದ್ರೋಳಿ ಗೋಕರ್ಣನಾಥ ಕ್ಷೇತ್ರದಲ್ಲಿ ವಿಧವೆಯರು ತೇರು ಎಳೆದಿದ್ದಾರೆ. 2013ರಲ್ಲಿ ಅಲ್ಲಿ ಇಬ್ಬರು ವಿಧವೆಯರನ್ನು ಅರ್ಚಕರನ್ನಾಗಿಯೇ ನೇಮಿಸಿದರು. ನಾರಾಯಣ ಗುರುಗಳು ಕಟ್ಟಿದ ದೇವಸ್ಥಾನದಲ್ಲಿ ದೇವರ ಹಣೆಗೆ ಕುಂಕುಮ ಇಡಬಹುದಾದ ಹೆಂಗಸು ನಮ್ಮ ಕ್ಲಬ್‌ಹೌಸಿನಲ್ಲಿ ಪಕ್ಕದ ಕುರ್ಚಿಯವಳ ಹಣೆಗೆ ಇಡಬಾರದೇ?

ಸಂಪ್ರದಾಯದ ವಿಷಯದಲ್ಲಿ ಮಹಾರಾಷ್ಟ್ರದ ಮಣ್ಣಿನಿಂದ ನಾವು ಹಳದಿ ಕುಂಕುವನ್ನಷ್ಟೇ ಕಲಿಯಬೇಕಾಗಿಲ್ಲ. ಮಲೆನಾಡಿನ ಗಂಗಾಮೂಲದ ಕಾಡಿನಲ್ಲಿ 1858ರಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿ ತಾವೇ ಚಿಕ್ಕ ವಯಸ್ಸಿನ ವಿಧವೆ. 1889ರಲ್ಲಿ ಮುಂಬಯಿಯಲ್ಲಿ ಶಾರದಾ ಸದನ ತೆರೆದು ಅಂಥ ಹೆಣ್ಣುಮಕ್ಕಳಿಗೆ ಓದು ಕಲಿಸಿದರು. ಮಲೆನಾಡಿನ ಒಂದು ಮನೆಯಲ್ಲಿ ಫಣಿಯಮ್ಮ ಮಡಿಯಲ್ಲಿದ್ದ ಕಾಲವೇ ಅದು. ಮರುವರ್ಷ, 1890ರಲ್ಲಿ, ಮುಂಬಯಿಯ ನಾವಿಗಳು ಸಭೆ ಸೇರಿ ಇನ್ನು ಮುಂದೆ ವಿಧವೆಯರ ತಲೆಗೆ ಕತ್ತಿ ಹಚ್ಚುವುದಿಲ್ಲ ಎಂದು ನಿಶ್ಚಯಿಸಿದರು. ಅದರ ಹಿಂದೆ ಜೋತಿಬಾ ಫುಲೆಯವರ ಸತ್ಯಶೋಧಕ ಬಳಗದ ಪ್ರೇರಣೆಯಿತ್ತು, ನಮ್ಮ ಠಾಣೆಯಲ್ಲೇ ಹುಟ್ಟಿದ ನಾರಾಯಣ ಮೇಘಾಜಿ ಲೋಖಂಡೆಯವರ ಪ್ರಯತ್ನವಿತ್ತು. ಗಿರಣಿ ಕಾರ್ಮಿಕರಿಗೆ ಭಾನುವಾರದ ರಜೆ ದೊರಕಿಸಿಕೊಟ್ಟವರೂ ಅವರೇ, ಅದೂ 1890ರಲ್ಲೇ. ನಾವು ‘ಫಣಿಯಮ್ಮ’ನನ್ನು ಚರ್ಚಿಸಲು ಸೇರಿದ್ದು ಒಂದು ಭಾನುವಾರ, ಠಾಣೆಯಲ್ಲಿ. ಆ ನಾವಿಗಳ ನಿರ್ಧಾರ ನನ್ನನ್ನು ಬಹಳ ಕಾಡುತ್ತದೆ. ಶಾಸ್ತ್ರವನ್ನು ಅವರು ಚರ್ಚಿಸಲಿಲ್ಲ, ಯಾರನ್ನೂ ಬದಲಾಗಿ ಎಂದು ಬೇಡಲಿಲ್ಲ. ಅನ್ಯಾಯ ನಡೆಯಲು ತಮ್ಮ ಕೈ ಬೇಕು ಎಂಬುದು ಅವರಿಗೆ ಗೊತ್ತಿತ್ತು, ಆ ಕೈಯನ್ನು ಹಿಂದಕ್ಕೆ ತೆಗೆದುಕೊಂಡರು.

ಇತ್ತೀಚಿನ ಮಾತನ್ನೇ ಹೇಳುವುದಾದರೆ, ಕೊಲ್ಹಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನಲ್ಲಿ, ಕರ್ನಾಟಕದ ಗಡಿಗೆ ಹತ್ತಿರ, ಹೇರವಾಡ ಎಂಬ ಹಳ್ಳಿಯಿದೆ. 2022ರ ಮೇ 4ರಂದು ಅಲ್ಲಿಯ ಗ್ರಾಮಸಭೆ, ಗಂಡ ಸತ್ತಾಗ ಹೆಂಡತಿಯ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ, ಕಾಲುಂಗುರ ತೆಗೆಸುವುದು ಇನ್ನು ನಮ್ಮೂರಲ್ಲಿ ಬೇಡ ಎಂದು ಠರಾವು ಮಾಡಿತು. ಸುರಗೊಂಡ ಪಾಟೀಲರು ಆಗ ಸರಪಂಚರು. ಕೋವಿಡ್ಡಿನಲ್ಲಿ ಎಳೆಯ ವಯಸ್ಸಿನ ಹೆಂಗಸರು ಸಾಲುಸಾಲಾಗಿ ಗಂಡನನ್ನು ಕಳೆದುಕೊಂಡದ್ದನ್ನು ಕಂಡ ಮೇಲೆ ಎದ್ದ ದನಿ ಅದು. ಅದೇ ತಿಂಗಳು ಮಹಾರಾಷ್ಟ್ರ ಸರ್ಕಾರ ಇತರ ಗ್ರಾಮ ಪಂಚಾಯಿತಿಗಳೂ ಇದನ್ನು ಅನುಸರಿಸಲಿ ಎಂದು ಸುತ್ತೋಲೆ ಕಳಿಸಿತು. ಹಳ್ಳಿಯ ರೈತರು ಮಾಡಿದ್ದನ್ನು ಮೂವತ್ತು ಅಂತಸ್ತಿನ ಮನೆಗಳಲ್ಲಿರುವ ನಾವು ಮಾಡಲಾರೆವೇ? ಕೋವಿಡ್ ನಮ್ಮ ಬಾಗಿಲಿಗೂ ಬಂದಿತ್ತಲ್ಲ.

ಒಂದು ಅನುಮಾನವನ್ನು ನೀವು ಎತ್ತುತ್ತೀರಿ ಎಂದು ಬಲ್ಲೆ. ಕರೆದರೂ ಅವರೇ ಬರುವುದಿಲ್ಲವಲ್ಲ, ಎನ್ನುತ್ತೀರಿ. ನಿಜ, ಕೆಲವರು ಬರಲಾರರು. ಕುಂಕುಮವೇ ಬೇಡವೆನ್ನುವವರೂ ಇದ್ದಾರೆ. ಗಂಡನ ನೆನಪಿಗೆ, ತಮ್ಮ ಮನಸ್ಸಿಗೆ ಅದು ಒಗ್ಗದಿದ್ದರೆ ಅದು ಅವರ ಇಷ್ಟ. ಆದರೆ ಆ ಇಷ್ಟವನ್ನು ನಾವು ಒಮ್ಮೆಯಾದರೂ ಕೇಳಿದ್ದೇವೆಯೇ? ಎಷ್ಟೋ ವರ್ಷಗಳಿಂದ ಹಿಂದೆ ನಿಲ್ಲಬೇಕೆಂದು ಕಲಿಸಿದವರಿಗೆ ಗ್ರೂಪಿನಲ್ಲಿ ಎಲ್ಲರಿಗೂ ಸ್ವಾಗತ ಎಂದು ಒಂದು ಸಾಲು ಹಾಕಿದರೆ ಸಾಲದು. ಯಾರಾದರೂ ಒಬ್ಬರು ಅವರ ಮನೆಗೆ ಹೋಗಿ, ಕುಳಿತು, ನೀವು ಬರಬೇಕು ಎನ್ನಬೇಕು.

ಇನ್ನೊಂದು ಉಪಾಯವೂ ನಿಮ್ಮ ಮನಸ್ಸಿನಲ್ಲಿದೆ ಎಂದು ಕೇಳಿದೆ: ಮಹಿಳಾ ದಿನದಂದು ಅವರನ್ನು ಬೇರೆಯಾಗಿ ಕರೆದು, ಶಾಲು ಹೊದಿಸಿ ಸನ್ಮಾನ ಮಾಡುವುದು. ದಯವಿಟ್ಟು ಅದನ್ನು ಬಿಡಿ. ಶಾಲು ಹೊದಿಸಿ ಬೇರೆ ಕೂರಿಸುವುದೂ ಬೇರೆ ಕೂರಿಸುವುದೇ. ಅವರಿಗೆ ವೇದಿಕೆ ಬೇಡ, ಎಲ್ಲರ ಸಾಲಿನಲ್ಲಿ ಒಂದು ಕುರ್ಚಿ ಸಾಕು. ಅವರು ತೆಗೆದುಕೊಳ್ಳುವವರಷ್ಟೇ ಆಗಬಾರದು, ಕೊಡುವವರೂ ಆಗಲಿ. ತಟ್ಟೆ ಅವರ ಕೈಗೂ ಬರಲಿ, ಮದುವೆಯಾಗಿ ಆರು ತಿಂಗಳಾದ ಹುಡುಗಿಯ ಹಣೆಗೆ ಅವರೂ ಕುಂಕುಮ ಇಡಲಿ, ಆ ಹುಡುಗಿಯ ಅತ್ತೆ ಪಕ್ಕದಲ್ಲೇ ಇರಲಿ. ಭಯ ಇರುವುದೇ ಅಲ್ಲಿ, ಆದ್ದರಿಂದ ಆಗಬೇಕಾದ್ದೂ ಅಲ್ಲೇ. ಫಣಿಯಮ್ಮನ ಕೈಯಲ್ಲಿ ಹುಟ್ಟಿದ ಎಷ್ಟು ಕೂಸುಗಳು ಬಾಳಲಿಲ್ಲ?

ಹೊಲಗೇರಿಗೆ ಹೋದ ಫಣಿಯಮ್ಮನನ್ನು ಮರೆತು ಈ ಪತ್ರ ಮುಗಿಸಲಾರೆ. ನಮ್ಮ ಕ್ಲಬ್‌ಹೌಸನ್ನು ಗುಡಿಸಿ ಒರೆಸುವ ಮಾವಶಿಯರು, ಮನೆಗೆಲಸದ ಬಾಯಿಗಳು, ಯೇವೂರು ಬೆಟ್ಟದ ಪಾಡೆಗಳಿಂದ ಇಳಿದು ಬರುವ ವಾರ್ಲಿ ಹೆಣ್ಣುಮಕ್ಕಳು, ಇವರಲ್ಲೂ ಎಷ್ಟೋ ಜನ ಗಂಡನಿಲ್ಲದವರು. ನಮ್ಮ ಹಲವು ಕಟ್ಟಡಗಳಲ್ಲಿ ಅವರು ನಮ್ಮ ಲಿಫ್ಟಿನಲ್ಲಿ ಹತ್ತುವಂತಿಲ್ಲ. ಕಾರ್ಯಕ್ರಮದ ದಿನ ರಂಗೋಲಿ ಹಾಕುವ ಮೊದಲು ನೆಲ ತೊಳೆದು ಹೊರಗೆ ಹೋಗುತ್ತಾರೆ, ಮುಗಿದ ಮೇಲೆ ಎಲೆ ಎತ್ತಲು ಬರುತ್ತಾರೆ. ನಮ್ಮೊಳಗಿನ ವಿಧವೆಯರನ್ನು ಒಳಕ್ಕೆ ಕರೆದು ಇವರನ್ನು ಹೊರಗೇ ಬಿಟ್ಟರೆ ಗೆರೆ ಎರಡು ಅಡಿ ಸರಿದಂತಾಯಿತು, ಅಳಿಸಿದಂತಾಗಲಿಲ್ಲ.

ಆದ್ದರಿಂದ ನನ್ನ ಕೋರಿಕೆ ಇಷ್ಟು. ಮುಂದಿನ ಸಂಕ್ರಾಂತಿಯ ಆಹ್ವಾನದಲ್ಲಿ ನಮ್ಮ ರಸ್ತೆಯ ಎಲ್ಲ ಹೆಣ್ಣುಮಕ್ಕಳಿಗೂ ಎಂದು ಬರೆಯಿರಿ. ಕರೆಯಲು ಹೋಗುವ ಕೆಲಸವನ್ನು ಹಂಚಿಕೊಳ್ಳೋಣ, ವಾಘಬೀಳದಿಂದ ಓವಳೆಯವರೆಗಿನ ಮನೆಗಳನ್ನು ನಾನು ವಹಿಸಿಕೊಳ್ಳುತ್ತೇನೆ. ಕೊಬ್ಬರಿ ಹೆಚ್ಚುವುದನ್ನು ಈ ಸಲ ಸುಮಂಗಲಿಯರು ಮಾಡೋಣ. ಅದಕ್ಕೂ ಮೊದಲು ಒಂದು ಭಾನುವಾರ ಮತ್ತೆ ಸೇರಿ ದಾಕ್ಷಾಯಿಣಿಯ ಅಧ್ಯಾಯಗಳನ್ನಷ್ಟೇ ಓದೋಣ. ನನ್ನ ಮಾತು ಒಪ್ಪದವರು ಖಂಡಿತ ಬನ್ನಿ, ನಿಮ್ಮ ವಾದವನ್ನು ಪೂರ್ತಿ ಕೇಳುತ್ತೇನೆ, ಆದರೆ ಆ ವಾದವನ್ನು ನಮ್ಮ ಆ ಗೆಳತಿಯ ಎದುರಿಗೇ ಹೇಳಬೇಕು. ಅವರನ್ನು ಕೇಳಿದ್ದೇನೆ. ಬರುತ್ತೇನೆ ಎಂದಿದ್ದಾರೆ.

ನಿಮ್ಮವಳೇ ಆದ,
ಕಾಸರವಡವಲಿಯ ಒಬ್ಬ ಓದುಗಳು